ಕೆಂಚನಿಗೂ ಮಸಿಗೂ ಗಡಿ ಹಾಕಿದ್ದು

ಕುಣಿಗಲ್ ಸರ್ವೇಯರ್ ರಂಗನಾಥ್ ಅವರ ಬಗ್ಗೆ ಯಾರೇನೇ ಆಡಿಕೊಳ್ಳಲಿ, ಅವರು ಅಳೆದ ಜಮೀನಿನಲ್ಲಿ ಒಂದಂಗುಲ ಹೆಚ್ಚುಕಡಿಮೆ ಆಯಿತು ಅಂತ ಹೇಳುವ ಗಂಡಸು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಅಣ್ಣತಮ್ಮಂದಿರು ಮಚ್ಚು ಹಿಡಿದು ನಿಂತಿರುವ ಹೊಲದ ಮಧ್ಯೆ ಟೇಪು ಎಳೆದುಕೊಂಡು ನಡೆದುಹೋಗುವ ಧೈರ್ಯ ಅವರಿಗಿದೆ. ಇಲ್ಲದಿರುವುದು ಒಂದೇ, ಮನೆಗೆ ಬಂದ ಮೇಲೆ ಆ ಟೇಪನ್ನು ಕೆಳಗಿಡುವ ಬುದ್ಧಿ.

ತುಮಕೂರಿನ ಮರಳೂರಿನಲ್ಲಿ ಅವರ ಮನೆ. ಬೆಳಿಗ್ಗೆ ಎಂಟಕ್ಕೆ ಅವರು ಕುಣಿಗಲ್ ಬಸ್ಸು ಹತ್ತಿದರೆ ಹೆಂಡತಿ ಆಶಾರಾಣಿ ಗುಬ್ಬಿ ಬಸ್ಸು ಹತ್ತುತ್ತಾರೆ. ಆಕೆ ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಅವರಿಬ್ಬರೂ ಹೊರಟ ಮೇಲೆ ಮನೆ ಕಾಯುವವರು ಕೆಂಚ ಮತ್ತು ಮಸಿ ಅನ್ನುವ ಎರಡು ಗಂಡು ಬೆಕ್ಕುಗಳು. ಒಂದು ಕೆಂಪಗೆ, ಒಂದು ಕಪ್ಪಗೆ, ಒಂದೇ ತಾಯಿಯ ಮರಿಗಳು. ಮೂರು ವರ್ಷದ ಹಿಂದೆ ತಮ್ಮ ಹುಟ್ಟೂರು ಕಡಬದ ಕೆರೆ ಕೆಳಗಿನ ಗದ್ದೆಯೊಂದರಲ್ಲಿ ಗಡಿಕಲ್ಲಿನ ಪಕ್ಕ ಕೂಗುತ್ತಿದ್ದವನ್ನು ರಂಗನಾಥ್ ಸರ್ವೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಮನೆ ಮುಂದೆ ಲಾರಿ ಓಡಾಡುವ ರಸ್ತೆ ಇದ್ದದ್ದರಿಂದ ಅವು ಹೊಸಿಲು ದಾಟಿದ್ದೇ ಇಲ್ಲ.

ಈ ಬೆಕ್ಕುಗಳ ಬಗ್ಗೆ ರಂಗನಾಥ್‌ಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಪಾಲಿಗಾಗಿ ಕಿತ್ತಾಡಿಕೊಂಡು ಕಚೇರಿಗೆ ಬಂದ ಅಣ್ಣತಮ್ಮಂದಿರಿಗೆ ಮೊದಲು ಮೊಬೈಲು ತೆಗೆದು ಫೋಟೋ ತೋರಿಸುವರು. "ನೋಡ್ರಪ್ಪಾ, ಒಡಹುಟ್ಟಿದೋರು ಅಂದ್ರೆ ಹಿಂಗಿರ್ಬೇಕು. ಒಂದೇ ಚಾಪೆ, ಒಂದೇ ತಟ್ಟೆ. ಬೆಕ್ಕಿಗಿರೋ ತಿಳಿವಳಿಕೆ ನಿಮಗಿಲ್ವಲ್ರೋ!" ರೈತರು ಬೆಕ್ಕಿನ ಮುಂದೆ ತಲೆ ತಗ್ಗಿಸಿ ನಿಲ್ಲುವರು. ಹೀಗೆ ಎರಡು ವ್ಯಾಜ್ಯ ರಾಜಿಯೂ ಆಗಿದ್ದವು ಅಂತ ರಂಗನಾಥ್ ಹೇಳುತ್ತಾರೆ. ನಾವು ನಂಬೋಣ.

ಹೀಗಿರುವಾಗ ಒಂದು ಸೋಮವಾರ, ಬೆಳಿಗ್ಗೆ ಏಳೂಕಾಲಕ್ಕೆ, ನಡುಮನೆ ಕಿಟಕಿಯ ಮೇಲೆ ಸಾಧುವಾಗಿ ಕೂತಿದ್ದ ಕೆಂಚ ಇದ್ದಕ್ಕಿದ್ದಂತೆ ಬಾಲ ಉಬ್ಬಿಸಿಕೊಂಡು, ಯಾರೂ ಕೇಳರಿಯದ ಒಂದು ಸದ್ದು ಮಾಡಿ, ಪೇಪರಿನ ಮೇಲೆ ನಿದ್ದೆ ಹೋಗಿದ್ದ ಮಸಿಯ ಮೇಲೆ ಹಾರಿದ. ಕೂದಲು ಎದ್ದವು. ಕಾಫಿ ಲೋಟ ಉರುಳಿತು. ಸ್ನಾನ ಮುಗಿಸಿ ಅರ್ಧ ಅಂಗಿ ತೊಟ್ಟಿದ್ದ ರಂಗನಾಥ್ ಓಡಿಬಂದು, ಹೊಲದಲ್ಲಿ ಮಾಡುವಂತೆಯೇ ಎರಡೂ ಪಕ್ಷಗಳ ನಡುವೆ ಕೈ ಚಾಚಿ ನಿಂತರು. ಹೊಲದಲ್ಲಿ ಯಾರೂ ಅವರನ್ನು ಕಚ್ಚಿರಲಿಲ್ಲ.

"ಕೈ ಹಾಕ್ಬೇಡಿ ಅಂತ ಬಡ್ಕೊಂಡೆ" ಅಂದರು ಆಶಾರಾಣಿ, ಗಂಡನ ಕೈಗೆ ಬ್ಯಾಂಡೇಜು ಸುತ್ತುತ್ತಾ. ಇಂಜೆಕ್ಷನ್ನೂ ಆಯಿತು. ಆದರೆ ಮಂಗಳವಾರವೂ ಅದೇ ಏಳೂಕಾಲು, ಅದೇ ಯುದ್ಧ. ಬುಧವಾರ ಮಸಿ ಮಂಚದ ಕೆಳಗೆ ಸೇರಿಕೊಂಡು, ಹಾಲಿಟ್ಟರೂ ಬರಲಿಲ್ಲ. ಅವನ ಕಿವಿ ಹರಿದಿತ್ತು.

ಆಶಾರಾಣಿ ಲೆಕ್ಕದ ಟೀಚರು. ಬಿಡಿಸಲಾಗದ ಸಮಸ್ಯೆಯನ್ನು ಬೋರ್ಡಿನ ಮೇಲೆ ಹಾಗೇ ಬಿಡುವ ಅಭ್ಯಾಸ ಅವರಿಗಿಲ್ಲ. "ಭಾನುವಾರದವರೆಗೆ ನೋಡ್ತೀನಿ ರೀ. ಸರಿಹೋದ್ರೆ ಸರಿ. ಇಲ್ದಿದ್ರೆ ಮಸೀನ ಗುಬ್ಬಿಗೆ ಅಮ್ಮನ ಮನೆಗೆ ಕಳಿಸ್ತೀನಿ. ಅಲ್ಲಿ ತೆಂಗಿನಕಾಯಿ ಗೋಡೌನಲ್ಲಿ ಇಲಿ ಹಿಡ್ಕೊಂಡಾದ್ರೂ ನೆಮ್ಮದಿಯಾಗಿರುತ್ತೆ. ದಿನಾ ಏಟು ತಿನ್ನೋದನ್ನ ನನ್ಕೈಲಿ ನೋಡಕ್ಕಾಗಲ್ಲ" ಅಂದರು. ಅವರ ಕಣ್ಣೂ ತುಂಬಿತ್ತು.

ಸಂಜೆ ರಂಗನಾಥ್ ಶೂ ಬಿಚ್ಚಿದ ಕೂಡಲೇ ಪಾದದ ಮೇಲೆ ಬಂದು ಕೂರುವವನು ಮಸಿ. ಅವನನ್ನು ಕಳಿಸುವುದೆಂದರೆ ಪಾದವನ್ನೇ ಗುಬ್ಬಿಗೆ ಕಳಿಸಿದ ಹಾಗೆ. ಆದರೆ ಇಪ್ಪತ್ತನಾಲ್ಕು ವರ್ಷ ಸರ್ವೀಸಿನ ಸರ್ವೇಯರ್ ಅಳುತ್ತಾ ಕೂರುತ್ತಾನೆಯೇ? "ಇದು ಪಕ್ಕಾ ಗಡಿ ವ್ಯಾಜ್ಯ ಕಣೇ. ಪಾಲು ಸರಿಯಾಗಿ ಆಗಿಲ್ಲ, ಅದಕ್ಕೇ ಜಗಳ" ಅಂತ ಘೋಷಿಸಿ ಚೀಲದಿಂದ ಟೇಪು ತೆಗೆದರು.

ಆ ಸಂಜೆ ನಡೆದ ಸರ್ವೆಯನ್ನು ಕಣ್ಣಾರೆ ನೋಡಿದವರು ಮರೆಯಲಾರರು. ಬೀದಿ ಬಾಗಿಲಿನಿಂದ ಅಡುಗೆಮನೆಯವರೆಗೆ ಸುಣ್ಣದ ಗೆರೆ ಬಿತ್ತು. ಸೋಫಾ ಮೂರು ಜನ ಕೂರುವಂಥದ್ದು. ಒಂದೂವರೆ ಆಸನ ಆ ಕಡೆ, ಒಂದೂವರೆ ಈ ಕಡೆ. ಟಿವಿಯ ನಟ್ಟನಡುವೆ ಗೆರೆ ಎದ್ದುನಿಂತಿತು. ಎರಡು ಕಡೆಗೂ ಎರಡು ತಟ್ಟೆ, ಎರಡು ಹಾಸಿಗೆ, ಎರಡು ನೀರಿನ ಬಟ್ಟಲು. ಪಕ್ಷಗಳಿಬ್ಬರಿಗೂ ನೋಟೀಸನ್ನು ಗಟ್ಟಿಯಾಗಿ ಓದಿಹೇಳಲಾಯಿತು. ಕೆಂಚ ನೋಟೀಸನ್ನು ಮೂಸಿ ನೋಡಿ, ಗೆರೆಯ ಮೇಲೆ ಕೂತು, ಕಾಲೆತ್ತಿ ಮೈ ನೆಕ್ಕಿಕೊಂಡ.

ಗ್ರಹಚಾರಕ್ಕೆ ಅದೇ ಹೊತ್ತಿಗೆ ಪಕ್ಕದ ಮನೆಯ ಪ್ರೇಮಲತಾ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಬಾಗಿಲು ತೆರೆದಿತ್ತು. ಕೆಂಚ ಅಷ್ಟರಲ್ಲಿ ಒಳಗೆ ಹೋಗಿದ್ದ. ಮಸಿ ಮಂಚದ ಕೆಳಗಿದ್ದ. ಪ್ರೇಮಲತಾ ಕಂಡದ್ದು ಇಷ್ಟು: ಗೆರೆಯ ಆಚೆ ಮುಖ ಊದಿಸಿಕೊಂಡು ಉತ್ತರಪತ್ರಿಕೆ ತಿದ್ದುತ್ತಿರುವ ಆಶಾರಾಣಿ, ಈಚೆ ಕೈಗೆ ಬ್ಯಾಂಡೇಜು ಸುತ್ತಿಕೊಂಡ ರಂಗನಾಥ್, ಅವರ ಬಾಯಲ್ಲಿ, "ಇವತ್ತಿಂದ ಈ ಗೆರೆ ಯಾರೂ ದಾಟಂಗಿಲ್ಲ. ಊಟ ಬೇರೆ, ಮಲಗೋದು ಬೇರೆ. ಇದೇ ಫೈನಲ್." ಪ್ರೇಮಲತಾ ಮೊಸರು ಕೇಳದೆ, ಕೈಯಲ್ಲಿದ್ದ ಬಟ್ಟಲನ್ನು ಎದೆಗವಚಿಕೊಂಡು ಹಿಂದೆ ಹಿಂದೆಯೇ ನಡೆದು ಮನೆ ಸೇರಿದರು.

ಆಮೇಲೆ ಮರಳೂರಿನಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಗಂಡ ಹೆಂಡತಿ ಮನೆ ಭಾಗ ಮಾಡಿಕೊಂಡಿದ್ದಾರೆ, ಅವನು ಸರ್ವೇಯರಾದ್ದರಿಂದ ಖರ್ಚಿಲ್ಲದೆ ತಾನೇ ಅಳೆದುಕೊಂಡಿದ್ದಾನೆ, ಆಕೆ ಕೈ ಕಚ್ಚಿದ್ದಾಳೆ. ಗುರುವಾರ ಬೆಳಿಗ್ಗೆ ಮೂಲೆ ಅಂಗಡಿಯ ಚಂದ್ರು ರಂಗನಾಥ್‌ರನ್ನು ಪಕ್ಕಕ್ಕೆ ಕರೆದು, "ಸಾರ್, ಮನಸ್ಸಿಗೆ ಹಚ್ಕೋಬೇಡಿ. ಇನ್ಮೇಲೆ ಕಾಲು ಲೀಟ್ರು ಕಾಲು ಲೀಟ್ರು ಬೇರೆ ಬೇರೆ ಹಾಲು ಕೊಡ್ಲಾ?" ಅಂತ ಕೇಳಿದ. ಬೆಕ್ಕಿನ ಕಷ್ಟಕ್ಕೆ ಅಂಗಡಿಯವನೂ ಮಿಡಿಯುತ್ತಾನಲ್ಲ ಅಂತ ರಂಗನಾಥ್ ಅವನ ಕೈ ಹಿಡಿದುಕೊಂಡರು. "ಹೂಂ ಕಣಪ್ಪಾ, ಬೇರೆ ಬೇರೇನೇ ಕೊಡು" ಅಂದರು. ಚಂದ್ರು ಕಣ್ಣೊರೆಸಿಕೊಂಡ.

ಸುದ್ದಿ ರಂಗನಾಥ್‌ಗಿಂತ ಮೊದಲೇ ಬಸ್ಸು ಹತ್ತಿ ಕುಣಿಗಲ್ ಮುಟ್ಟಿತ್ತು. ಸೂಪರ್‌ವೈಸರ್ ಲಕ್ಷ್ಮೀನರಸಿಂಹಯ್ಯನವರು ಬಾಗಿಲು ಹಾಕಿಸಿ, ಕಾಫಿ ತರಿಸಿ, ತಂದೆಯ ಧ್ವನಿಯಲ್ಲಿ ಕೇಳಿದರು.

"ರಂಗನಾಥ್, ವಿಷಯ ನಿಜಾನಾ?"

"ನಿಜ ಸಾರ್. ಸೋಮವಾರದಿಂದ ಶುರುವಾಗಿದೆ."

"ಅಷ್ಟು ವರ್ಷ ಅನ್ಯೋನ್ಯವಾಗಿದ್ರಲ್ರೀ!"

"ಒಂದೇ ಚಾಪೆ ಸಾರ್. ಒಬ್ರ ತಲೆ ಒಬ್ರು ನೆಕ್ತಿದ್ರು."

ಲಕ್ಷ್ಮೀನರಸಿಂಹಯ್ಯನವರು ಕಾಫಿ ಕೆಳಗಿಟ್ಟರು. "ಅದೆಲ್ಲಾ ಹೇಳ್ಬೇಡಿ. ಹೊಡೆದಾಟ ಏನಾದ್ರೂ?"

"ಬೆಳಿಗ್ಗೆ ಏಳೂಕಾಲಾದ್ರೆ ಸಾಕು ಸಾರ್. ಪರಚೋದು, ಕಚ್ಚೋದು. ಬಿಡಿಸಕ್ಕೆ ಹೋದ್ರೆ ಇದು ನೋಡಿ" ಅಂತ ಬ್ಯಾಂಡೇಜು ತೋರಿಸಿದರು. "ಭಾನುವಾರ ಗುಬ್ಬಿಗೆ ಕಳಿಸೋದು ಅಂತ ತೀರ್ಮಾನ ಆಗಿದೆ. ಅಲ್ಲಿ ಇಲಿ ಹಿಡ್ಕೊಂಡಾದ್ರೂ ನೆಮ್ಮದಿಯಾಗಿರುತ್ತೆ ಅಂತ."

ಲಕ್ಷ್ಮೀನರಸಿಂಹಯ್ಯನವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಟೀಚರ್ ಕೆಲಸ ಇದೆಯಲ್ರೀ ಅವರಿಗೆ, ಇಲಿ ಯಾಕೆ ಹಿಡೀಬೇಕು?" ಅಂದರು. ರಂಗನಾಥ್‌ಗೆ ಅರ್ಥವಾಗಲಿಲ್ಲ. ಸಾಹೇಬರಿಗೆ ಬಿಪಿ ಇದೆ, ಪಾಪ, ಅಂದುಕೊಂಡು ಹೊರಬಂದರು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೇ ಆಶಾರಾಣಿಯ ತಾಯಿ ಹೊಂಬಾಳಮ್ಮ ಗುಬ್ಬಿಯಿಂದ ಬಂದಿಳಿದರು. ಬೆಕ್ಕು ಬರುವ ವಿಷಯ ಮಗಳು ಅವರಿಗೆ ಇನ್ನೂ ಹೇಳಿರಲಿಲ್ಲ. ಅವರು ಬಂದದ್ದು ಮಗಳನ್ನು ಕರೆದೊಯ್ಯಲು. ಅವರ ಹಿಂದೆಯೇ ಕಡಬದಿಂದ ರಂಗನಾಥ್‌ರ ಅಣ್ಣ ಯಲ್ಲಯ್ಯ, ಮೊದಲ ಬಸ್ಸಿಗೆ, ಬಿಳಿ ಪಂಚೆ ಉಟ್ಟುಕೊಂಡು. ಸಾಕ್ಷಿ ಹೇಳಲು ಪ್ರೇಮಲತಾ. ಐವರಿಗೂ ಸಾಲುವಷ್ಟು ಸೋಫಾ ಇರಲಿಲ್ಲ, ಅದರ ಮೇಲೆ ಗೆರೆ ಬೇರೆ.

"ಏನ್ಲಾ ರಂಗ, ಎಂಡ್ರುಗೆ ಗೆರೆ ಆಕಿದೀಯಂತೆ? ಇಡೀ ವಂಸದಲ್ಲಿ ಯಾವನಾರ ಇಂಗ್ ಮಾಡವ್ನೇನ್ಲಾ?" ಯಲ್ಲಯ್ಯ ಕುದಿಯುತ್ತಿದ್ದರು.

"ಇವ್ರ ವಂಸ ನಂಗೊತ್ತಿಲ್ವಾ?" ಹೊಂಬಾಳಮ್ಮ ತಿರುಗಿದರು. "ಮದ್ವೆ ದಿನ ಪಾಯಸಕ್ಕೆ ಗೋಡಂಬಿ ಸಾಲ್ದು ಅಂತ ಎಲೆ ಮುಂದ್ಲಿಂದ ಎದ್ದೋದೋರು ನೀವಲ್ವಾ?"

"ಗೋಡಂಬಿ ಇತ್ತೇನಮ್ಮಾ ಅದ್ರಲ್ಲಿ? ಸತ್ಯ ಯೋಳು!"

ಹತ್ತೊಂಬತ್ತು ವರ್ಷದ ಹಿಂದಿನ ಗೋಡಂಬಿ ನಡುಮನೆ ತುಂಬ ಚೆಲ್ಲಾಡಿತು. ಬೀಗರಿಬ್ಬರೂ ಗೆರೆಯ ಆ ಕಡೆ ಈ ಕಡೆ ನಿಂತು ಕೈ ಬೀಸಿ ಬೈದಾಡುವುದನ್ನು ಗಂಡ ಹೆಂಡತಿ ಒಟ್ಟಿಗೆ, ಭುಜಕ್ಕೆ ಭುಜ ತಾಗಿಸಿಕೊಂಡು, ಬಾಯಿ ಬಿಟ್ಟು ನೋಡುತ್ತಿದ್ದರು. ಕೊನೆಗೆ ಆಶಾರಾಣಿಯೇ ಕೂಗಿದರು. "ಅಮ್ಮಾ! ಗೆರೆ ನಮಗಲ್ಲ, ಬೆಕ್ಕಿಗೆ!"

"ಬೆಕ್ಕಿಗಾ?" ಅಂದರು ಯಲ್ಲಯ್ಯ. "ಬೆಕ್ಕಿಗೆ ನಾನು ತೋಟಕ್ಕೆ ನೀರು ಬುಟ್ಟು ಬಂದ್ನಾ?" ಪ್ರೇಮಲತಾ ಫ್ಯಾನು ನೋಡತೊಡಗಿದರು. ಮಗಳ ಸಂಸಾರ ನೆಟ್ಟಗಿದೆ ಅಂತ ಗೊತ್ತಾದ ಹೊಂಬಾಳಮ್ಮನಿಗೆ ಮೊದಲು ಸಮಾಧಾನವಾಯಿತು. ಪೂರ್ತಿ ಕಥೆ ಕೇಳಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಇಷ್ಟೇ ತಾನೆ? ಕರಿಯನ್ನ ನಾನ್ ತಗಂಡೋಯ್ತೀನಿ. ಒಂದು ಬುಟ್ಟಿ ಕೊಡು" ಅಂದು ಮಂಚದ ಕೆಳಗೆ ಕೈ ಹಾಕಿ ಮಸಿಯನ್ನು ಎತ್ತಿಯೇಬಿಟ್ಟರು. ರಂಗನಾಥ್ ಮುಖ ಬಿಳುಚಿಕೊಂಡಿತು.

ಆಗ ಏಳೂಕಾಲು. ಕಿಟಕಿಯ ಮೇಲಿದ್ದ ಕೆಂಚನ ಬಾಲ ಉಬ್ಬಿತು. ಅದೇ ಸದ್ದು ಹೊರಟಿತು. ಎಲ್ಲರೂ ನೋಡುತ್ತಿದ್ದಂತೆ ಅವನು ಗಿರಕ್ಕನೆ ತಿರುಗಿದ. ಮಸಿ ಹೊಂಬಾಳಮ್ಮನ ಕಂಕುಳಲ್ಲಿದ್ದ. ಸೋಫಾ ತುದಿಯಲ್ಲಿ ಕಿಟಕಿಗೆ ಹತ್ತಿರವಿದ್ದವರು ಯಲ್ಲಯ್ಯ. ಕೆಂಚ ಅವರ ಮೊಣಕಾಲಿನ ಮೇಲೆ ಬಿದ್ದು, ಬಿಳಿ ಪಂಚೆಯನ್ನು ಎರಡು ಕಡೆ ಹರಿದು, ಅಡುಗೆಮನೆಗೆ ಓಡಿದ.

"ಅಯ್ಯಯ್ಯಪ್ಪೋ!" ಯಲ್ಲಯ್ಯ ಸೋಫಾ ಮೇಲೆ ಎದ್ದುನಿಂತರು. "ನಂಗೂ ಇವ್ನಿಗೂ ಏನ್ಲಾ ವ್ಯಾಜ್ಯ? ನಾನೇನ್ಲಾ ಮಾಡ್ದೆ ಅವ್ನಿಗೆ?"

ರಂಗನಾಥ್ ಅಣ್ಣನ ಮೊಣಕಾಲನ್ನು ನೋಡಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದರು. ಕಾಂಪೌಂಡ್ ಗೋಡೆಯ ಮೇಲೆ, ಮೊರದಗಲ ಮುಖದ ಒಂದು ಬೂದು ಗಂಡು ಬೆಕ್ಕು ಆರಾಮಾಗಿ ಕೂತು ಮೊಸರನ್ನ ತಿನ್ನುತ್ತಿತ್ತು. ಯಾವ ಸರ್ವೇಯರ್ ಆದರೂ ಮೊದಲು ಬರೆಯುವುದು ಚೆಕ್ಕುಬಂದಿ: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದ್ದು. ಒಳಗೆಲ್ಲ ಅಂಗುಲ ಅಂಗುಲ ಅಳೆದ ಮನುಷ್ಯ ಕಿಟಕಿಯಾಚೆ ಯಾರಿದ್ದಾರೆ ಅಂತ ಬರೆಯುವುದನ್ನೇ ಮರೆತಿದ್ದರು.

"ಇವ್ನು ಬಂದು ಕೂತ್ಕೋತಾನೆ. ಕೆಂಚನಿಗೆ ಆಚೆ ಹೋಗಿ ಹೊಡೆಯಕ್ಕಾಗಲ್ಲ. ಆ ಕೋಪದಲ್ಲಿ ಹತ್ರ ಯಾರಿದ್ರೆ ಅವರ ಮೇಲೆ ಬೀಳ್ತಾನೆ!" ರಂಗನಾಥ್ ಕೂಗಿದರು. "ಮಸಿ ಮೇಲೆ ದ್ವೇಷಾನೇ ಇಲ್ಲ ಕಣೇ!"

"ಗೊತ್ತಾಯ್ತು ಬಿಡಿ" ಅಂದರು ಆಶಾರಾಣಿ. "ಕಚೇರೀಲಿ ಸಾಹೇಬ್ರು ಬೈದ ದಿನ ನೀವು ಸಾರಿಗೆ ಉಪ್ಪಿಲ್ಲ ಅಂತ ನನ್ಮೇಲೆ ಹಾರಲ್ವಾ, ಇದೂ ಅದೇ."

"ಅದ್ಸರಿ, ಯಾವ ಪುಣ್ಯಾತ್ಮ ಅದಕ್ಕೆ ಮೊಸರನ್ನ ಇಡ್ತಿರೋದು?" ಅಂತ ರಂಗನಾಥ್ ಗರ್ಜಿಸಿದರು.

ಪ್ರೇಮಲತಾ ಮೆಲ್ಲಗೆ ಕೆಮ್ಮಿದರು. "ನೀವೇ ಅಲ್ವಾ ಸಾರ್? ಹೋದ ಭಾನುವಾರದಿಂದ ದಿನಾ ಸ್ನಾನ ಮಾಡಿ ಬಂದು ಕಾಗೆಗೆ ಅಂತ ಇಡ್ತೀರಲ್ಲ."

ಹೌದು. ತಂದೆಯ ತಿಥಿ ಮುಗಿದಾಗ ಕಾಗೆಗಿಟ್ಟ ಅನ್ನ ತಟ್ಟನೆ ಖಾಲಿಯಾದದ್ದು ಕಂಡು, ಅಪ್ಪನಿಗೆ ಹಸಿವಿರಬೇಕು ಅಂತ ಕಣ್ಣೀರಿಟ್ಟು, ಅಂದಿನಿಂದ ದಿನವೂ ಇಡುತ್ತಿದ್ದರು. ಅಪ್ಪನ ಪಾಲು ಯಾರ ಹೊಟ್ಟೆ ಸೇರುತ್ತಿದೆ ಅಂತ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಯಲ್ಲಯ್ಯ ಹರಿದ ಪಂಚೆ ಹಿಡಿದುಕೊಂಡು ಗೋಡೆ ಮೇಲಿನ ಬೆಕ್ಕನ್ನೇ ದಿಟ್ಟಿಸಿ, "ಮೀಸೆ ಏನೋ ಅಪ್ಪಂದೇ ಕಂಡಂಗದೆ" ಅಂದರು.

ಪರಿಚಯದ ಪಶುವೈದ್ಯ ಸಿದ್ದಾರ್ಥ ಫೋನಿನಲ್ಲಿ ಹೇಳಿದ್ದು ಇಷ್ಟು: ಆಚೆಯ ಬೆಕ್ಕು ಕಾಣದಂತೆ ಕಿಟಕಿ ಮುಚ್ಚಿ. ಕೆಲವು ದಿನ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಒಬ್ಬ ಮಲಗಿದ ಬಟ್ಟೆ ಇನ್ನೊಬ್ಬನಿಗೆ ಹಾಸಿ, ವಾಸನೆ ಮತ್ತೆ ಒಗ್ಗಲಿ. ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ ಇಡಿ, ಆಮೇಲೆ ಬಾಗಿಲು ತೆಗೆದು ದೂರದಿಂದ ಹತ್ತಿರಕ್ಕೆ, ನಿಧಾನಕ್ಕೆ. ಅವಸರ ಮಾಡಿದರೆ ಕೆಟ್ಟಿತು.

"ಒಂದು ತಿಂಗ್ಳು ನೋಡ್ತೀನಿ" ಅಂದರು ಹೊಂಬಾಳಮ್ಮ, ಮಸಿಯನ್ನು ಕೆಳಗಿಳಿಸುತ್ತಾ. "ಆಮೇಲೂ ಇದು ಏಟು ತಿಂತಿದ್ರೆ ನಾನ್ ಬುಡಾಕಿಲ್ಲ, ಎತ್ಕಂಡೋಯ್ತೀನಿ. ಮೂಕಪ್ರಾಣಿ." ಅದು ಬೆದರಿಕೆಯಲ್ಲ, ಕರುಣೆ. ಅದಕ್ಕೇ ರಂಗನಾಥ್ ತಲೆಯಾಡಿಸಿ ಒಪ್ಪಿದರು.

ಇಲ್ಲಿಂದ ಮುಂದೆ ನನಗೆ ರಂಗನಾಥ್‌ರನ್ನು ಗೇಲಿ ಮಾಡುವ ಮನಸ್ಸಿಲ್ಲ. ನಕ್ಕವರೆಲ್ಲ ಒಂದು ತಿಂಗಳು ಅವರು ಮಾಡಿದ್ದನ್ನು ಒಂದು ದಿನ ಮಾಡಿ ನೋಡಲಿ. ಸುಣ್ಣದ ಗೆರೆಯನ್ನು ತಾವೇ ಮೊಣಕಾಲೂರಿ ಒರೆಸಿದರು. ಹಳೆಯ ನಕಾಶೆಗಳನ್ನು ಅಂಟಿಸಿ ಕಿಟಕಿ ಮುಚ್ಚಿದರು. ಕಾಗೆಯ ಅನ್ನ ಬೀದಿ ಕೊನೆಯ ಖಾಲಿ ಸೈಟಿಗೆ ಹೋಯಿತು. ಅಪ್ಪನಿಗಾಗಲಿ ಬೂದು ಬೆಕ್ಕಿಗಾಗಲಿ ಒಂದು ಹೊತ್ತೂ ತಪ್ಪಲಿಲ್ಲ. ರಾತ್ರಿ ಮಸಿಯ ಟವೆಲು ಕೆಂಚನಿಗೆ, ಕೆಂಚನ ಟವೆಲು ಮಸಿಗೆ. ಬಾಗಿಲು ತೆಗೆದ ದಿನ ತಟ್ಟೆಗಳ ನಡುವೆ ಎಂಟಡಿ. ಮಾರನೇ ದಿನ ಏಳೂವರೆ. ಟೇಪಿನಲ್ಲಿ ಅಳೆದು ಅರ್ಧರ್ಧ ಅಡಿ, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ. ಆಶಾರಾಣಿ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತಿದ್ದರು.

ಮೂರಡಿಗೆ ಬಂದಿದ್ದ ದಿನ ಆಚೆ ಯಾರೋ ಪಟಾಕಿ ಹೊಡೆದರು. ಕೆಂಚ ಬುಸ್ಸೆಂದ. ಮಸಿ ಮಂಚದ ಕೆಳಗೆ. ಬೇರೆ ಯಾರಾದರೂ ಆಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ರಂಗನಾಥ್ ತಟ್ಟೆಗಳನ್ನೆತ್ತಿ ಮತ್ತೆ ಎಂಟಡಿಗೆ ಇಟ್ಟರು, ಅಷ್ಟೇ. "ಬೇಜಾರಾಗಲ್ವಾ ನಿಮಗೆ?" ಅಂತ ಹೆಂಡತಿ ಕೇಳಿದರೆ, "ಭಯ ಬಿದ್ದಿರೋದು ಅವು, ನಾನಲ್ವಲ್ಲ" ಅಂದರು. ಹತ್ತೊಂಬತ್ತು ವರ್ಷ ಜೊತೆಗಿದ್ದ ಮನುಷ್ಯನನ್ನು ಆಶಾರಾಣಿ ಆ ದಿನ ಹೊಸಬರನ್ನು ನೋಡುವ ಹಾಗೆ ನೋಡಿದರು. ಆ ವಾರ ಸಾಹೇಬರು ಎರಡು ಸಲ ಬೈದರೂ ಸಾರಿನ ಉಪ್ಪಿನ ಸುದ್ದಿಯೇ ಏಳಲಿಲ್ಲ.

ಬೀದಿಯೂ ಬದಲಾಯಿತು. ಚಂದ್ರು ಹಾಲು ಕೊಡುವಾಗ "ಇವತ್ತು ಎಷ್ಟಡಿ ಸಾರ್?" ಅಂತ ಕೇಳುತ್ತಿದ್ದ. "ನಾಲ್ಕೂವರೆ" ಅಂದರೆ ಅಂಗಡಿಯಲ್ಲಿ ನಿಂತವರೆಲ್ಲ ತಲೆದೂಗುವರು. ಪ್ರೇಮಲತಾ ಊಟದ ಹೊತ್ತಿಗೆ ಮಿಕ್ಸಿ ಹಾಕುವುದನ್ನು ಬಿಟ್ಟು, ಒಂದು ತಿಂಗಳು ಚಟ್ನಿಯನ್ನು ಒರಳಲ್ಲಿ ರುಬ್ಬಿದರು.

ತಿಂಗಳು ತುಂಬಿದ ಭಾನುವಾರ ಹೊಂಬಾಳಮ್ಮ ಬುಟ್ಟಿ ಸಮೇತ ಬಂದರು. ಯಲ್ಲಯ್ಯನೂ ಬಂದರು, ಈ ಸಲ ಪ್ಯಾಂಟು ಹಾಕಿಕೊಂಡು. ಯಾರೂ ಮಾತಾಡಕೂಡದು ಅಂತ ಆಜ್ಞೆಯಾಯಿತು. ತಟ್ಟೆಗಳ ನಡುವೆ ಅರ್ಧ ಅಡಿ. ಕೆಂಚ ಬಂದ. ಮಸಿ ಗೋಡೆ ಸವರಿಕೊಂಡು ಬಂದ. ಇಬ್ಬರೂ ತಿಂದರು.

ಅಷ್ಟರಲ್ಲಿ, ಎಲ್ಲರೂ ಮರೆತೇಬಿಟ್ಟಿದ್ದ ಒಲೆಯ ಮೇಲಿನ ಕುಕ್ಕರು ಕೂಗಿತು. ಕೆಂಚ ಎರಡಡಿ ಹಾರಿ ಬಿದ್ದ, ಬಾಲ ಉಬ್ಬಿತು, ಕಣ್ಣು ಕಪ್ಪಗಾದವು. ಮಸಿ ನಿಂತಲ್ಲೇ ಕಲ್ಲಾದ. ಯಲ್ಲಯ್ಯ ಎರಡೂ ಕಾಲನ್ನು ಸೋಫಾ ಮೇಲೆಳೆದುಕೊಂಡರು. ಹೊಂಬಾಳಮ್ಮನ ಕೈ ಬುಟ್ಟಿಯ ಮೇಲೆ ಹೋಯಿತು. ರಂಗನಾಥ್ ಮಾತ್ರ ಅಲ್ಲಾಡಲಿಲ್ಲ.

ಕೆಂಚ ಸುತ್ತ ನೋಡಿದ. ಮಸಿಯನ್ನು ನೋಡಿದ. ಒಂದೊಂದೇ ಹೆಜ್ಜೆ ಹತ್ತಿರ ಹೋಗಿ, ಹರಿದು ಮಾಯ್ದಿದ್ದ ಆ ಕಿವಿಯನ್ನು ಮೂಸಿದ. ಆಮೇಲೆ ನೆಕ್ಕತೊಡಗಿದ. ಕಿವಿ, ಹಣೆ, ಕತ್ತು. ಮಸಿ ಕಣ್ಣು ಮುಚ್ಚಿದ. ನೋಡುನೋಡುತ್ತಲೇ ಇಬ್ಬರೂ ತಟ್ಟೆಗಳ ನಡುವೆಯೇ ಮುದುಡಿಕೊಂಡು ಮಲಗಿಬಿಟ್ಟರು.

"ಅಳಿಯಂದ್ರೆ" ಅಂದರು ಹೊಂಬಾಳಮ್ಮ, ಗದ್ಗದವಾಗಿ, "ಗಂಡಸ್ರಲ್ಲಿ ಇಂತಾ ತಾಳ್ಮೆ ನಾನ್ ನೋಡಿರ್ಲಿಲ್ಲ." ಯಲ್ಲಯ್ಯ ತಮ್ಮನ ಬೆನ್ನು ತಟ್ಟಲು ಹೋಗಿ, ಕೈ ಅಲ್ಲೇ ಇಟ್ಟುಕೊಂಡು ನಿಂತರು.

ಆಶಾರಾಣಿ ನೋಟ್‌ಬುಕ್ಕು ತೆರೆದು ತಾರೀಖು ಹಾಕಿದರು. "ಎಷ್ಟು ಬರೀಲಿ ರೀ?"

ರಂಗನಾಥ್ ಟೇಪು ಹಿಡಿದು ಮೊಣಕಾಲೂರಿ ಬಗ್ಗಿದರು. ಕೆಂಪು ಬಾಲ ಕಪ್ಪು ಹೊಟ್ಟೆಯ ಕೆಳಗಿತ್ತು, ಕಪ್ಪು ಕಾಲು ಕೆಂಪು ಕತ್ತಿನ ಮೇಲಿತ್ತು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ.

"ಗಡಿ ಸಿಗ್ತಿಲ್ಲ ಕಣೇ" ಅಂದರು.

"ಹಂಗೇ ಬರೀಲಾ?"

"ಹಂಗೇ ಬರಿ."